ಪಟ್ಟಿಯಲ್ಲಿ ನಲವತ್ತೊಂದು ಲೇಟ್

ಮುನ್ನೂರ ಹದಿನೆಂಟು ಲೇಖನಗಳ ವಿವರ ಲ್ಯಾಪ್‌ಟಾಪಿಗೆ ಹೋಗಬೇಕಿತ್ತು, ಮುನ್ನೂರ ಹದಿನೆಂಟೂ ಹೋಗಿದ್ದವು. ಗಂಗಾಮಣಿ ಆ ಸಂಖ್ಯೆಯನ್ನು ಮೂರು ಸಲ ಓದಿಕೊಂಡು, ಇನ್ನು ಎದ್ದು ಒಂದು ಲೋಟ ನೀರು ಕುಡಿಯಬಹುದು ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿದ್ದ ವಾಣಿ ಕಿಸಕ್ಕನೆ ನಕ್ಕಳು.

"ಅಕ್ಕ, ಇದ್ಯಾರು ಲೇಟ್ ಅಂತ? ಒಬ್ನೇ ನಲವತ್ತೊಂದು ಲೇಖನ ಬರ್ದವ್ನೆ!"

ಸಕಲೇಶಪುರದ ಬೆಳೆಗಾರರ ಸಂಘದ ಲೈಬ್ರರಿಯಲ್ಲಿ ಗಂಗಾಮಣಿ ಸಹಾಯಕಿ. ಹಾಸನದ ಸಂಜೆ ಕಾಲೇಜಿನಲ್ಲಿ ಓದಿದವಳು. ಹಗಲು ಕಾಲೇಜಿನವರಿಗೆ ಗೊತ್ತಿರುವುದೇನೋ ತನಗೆ ಗೊತ್ತಿಲ್ಲ ಎಂಬ ಅಳುಕು ಅವಳನ್ನು ಈಗಲೂ ಬಿಟ್ಟಿರಲಿಲ್ಲ. ಕಾಫಿ, ಮೆಣಸು, ಏಲಕ್ಕಿ, ಮಳೆ ಕುರಿತ ಲೇಖನಗಳ ವಿವರವನ್ನೆಲ್ಲ ಐದು ವರ್ಷ ಕೂತು ಡಿಜಿಟಲ್ ಲೈಬ್ರರಿಗೆ ಸೇರಿಸಿದವಳು ಅವಳೇ. ಮೆಣಸಿನ ಬಳ್ಳಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ವಾಣಿ, ತನ್ನ ಪ್ರಬಂಧದ ಕೊನೆಗೆ ಬರುವ ಆಧಾರ ಲೇಖನಗಳ ಪಟ್ಟಿಯನ್ನು ಸಂಜೆ ಐದರೊಳಗೆ ಗೈಡಿಗೆ ಮೇಲ್ ಮಾಡಬೇಕಿತ್ತು. ಲೈಬ್ರರಿಯಿಂದ ಎಲ್ಲವನ್ನೂ ಒಂದೇ ಫೈಲಾಗಿ ಹೊರತೆಗೆದು ವಾಣಿಯ ಲ್ಯಾಪ್‌ಟಾಪಿನ ರೆಫರೆನ್ಸ್ ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ತುಂಬಿಸಿದರೆ, ಲೇಖಕರ ಹೆಸರಿನ ಪ್ರಕಾರ ಅದೇ ಜೋಡಿಸಿಕೊಡುತ್ತದೆ. ಜೋಡಿಸಿಯೂ ಇತ್ತು.

ಗಂಗಾಮಣಿಯ ಕಿವಿ ಬಿಸಿಯಾಯಿತು. ಲಗ್ನಪತ್ರಿಕೆಯಲ್ಲಿ ತೀರಿಕೊಂಡವರ ಹೆಸರಿಗೆ 'ಲೇಟ್' ಹಾಕಿಸದಿದ್ದರೆ ಆಲೂರಿನ ಕಡೆ ದೊಡ್ಡ ಮಾತಾಗುತ್ತದೆ. ಅವಳದೇ ಮದುವೆಯಲ್ಲಿ ತಾತನ ಹೆಸರಿಗೆ ಅದು ಬಿಟ್ಟುಹೋಗಿ, ದೊಡ್ಡಪ್ಪ ಊಟಕ್ಕೇ ಕೂತಿರಲಿಲ್ಲ. ಆ ಹೆದರಿಕೆಗೇ ಅವಳು, ಯಾವ ಲೇಖಕರು ತೀರಿಕೊಂಡ ಸುದ್ದಿ ಬಂದರೂ ಲೈಬ್ರರಿಯಲ್ಲಿ ಅವರ ಹೆಸರಿಗೆ ಲೇಟ್ ಸೇರಿಸುತ್ತ ಬಂದಿದ್ದಳು. ಹೆಸರು ಶುರುವಾಗುವುದೇ ಅಲ್ಲಿಂದ ಎಂದು ತಿಳಿದ ಯಂತ್ರ, ಹದಿನೇಳು ಜನರ ನಲವತ್ತೊಂದು ಲೇಖನಗಳನ್ನು ಒಂದೇ ಕಡೆ ಗುಡ್ಡೆ ಹಾಕಿತ್ತು.

"ರೀಪ್ಲೇಸ್ ಹೊಡುದ್ರೆ ಒಂದೇ ಏಟಿಗೆ ಹೋಗ್ತೈತೆ ಬಿಡಕ್ಕ" ಎಂದಳು ವಾಣಿ.

"ಬ್ಯಾಡ ಮಾರಾಯ್ತಿ. ಮಳೆ ಲೇಟಾದದ್ದರ ಮೇಲೇ ಆರು ಲೇಖನ ಅವೆ. ಅವುಗಳ ತಲೆಬರಹದಿಂದ್ಲೂ ಹೋಗ್ಬುಡ್ತದೆ."

ಗಂಟೆ ಮೂರೂಕಾಲು. ಲೈಬ್ರರಿಯ ದಾಖಲೆಯಲ್ಲೇ ಒಂದೊಂದಾಗಿ ತೆಗೆದು, ಮತ್ತೆ ಫೈಲು ಮಾಡುವುದೆಂದು ಕೂತರು. ವಾಣಿ ಹೆಸರು ಓದುವುದು, ಗಂಗಾಮಣಿ ಅಳಿಸುವುದು. ಒಂಬತ್ತನೆಯದಕ್ಕೆ ವಾಣಿಯ ದನಿ ನಿಂತಿತು.

"ಅಕ್ಕ, ಇವ್ರು ಮಗ್ಗೆ ಶಿವಯ್ಯ ಅಲ್ವಾ? ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದೋರು, ಮೂವತ್ತು ವರ್ಷದ ಮಳೆ ಬರೆದಿಟ್ಟೋರು?"

"ಹೂಂ. ಪಾಪ."

"ಏನು ಪಾಪ! ಹೋದ ಭಾನುವಾರ ಅವ್ರ ಮನೇಲಿ ಕಡುಬು ತಿಂದ್ಕೊಂಡು ಬಂದಿದ್ದೀನಿ ಕಣಕ್ಕ!"

ಗಂಗಾಮಣಿ ಕೀಬೋರ್ಡಿನಿಂದ ಕೈ ತೆಗೆದಳು. ಬದುಕಿರುವ ಮನುಷ್ಯ. ಅಲ್ಲಿಗೆ ನಿಲ್ಲಲಿಲ್ಲ ಅವಳ ಯೋಚನೆ. ಇವರೊಬ್ಬರೇ ಏಕೆ, ಉಳಿದ ಹದಿನಾರರಲ್ಲಿ ಇನ್ನೆಷ್ಟು ಜನ ಮನೆಯ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾರೋ? ಇಂಥ ತಪ್ಪು ಮಾಡಿದ ಕೈ ಐದು ವರ್ಷ ಬರೆದ ವಿವರವನ್ನು ವಾಣಿಯ ಗೈಡು ಹೇಗೆ ನಂಬುತ್ತಾರೆ, ವಾಣಿಯೇ ಹೇಗೆ ನಂಬುತ್ತಾಳೆ?

ಅವಳು ಡ್ರಾಯರಿನಿಂದ ನೀಲಿ ನೋಟ್‌ಬುಕ್ ತೆಗೆದಳು. ಪ್ರತಿ ಲೇಟಿನ ಎದುರಿಗೂ ಸುದ್ದಿ ಎಲ್ಲಿಂದ ಬಂತೆಂದು ಬರೆದಿಡುವ ಅಭ್ಯಾಸ ಅವಳದು. ಸಿದ್ದಬಸಪ್ಪ: ಮಗನ ಕಾಗದ. ತಿಮ್ಮಯ್ಯ: ಪೇಪರಿನ ಫೋಟೋ. ಹುಲಿಯಮ್ಮ: ವೈಕುಂಠ ಸಮಾರಾಧನೆಯ ಕಾರ್ಡು. ಬೆರಳಿಟ್ಟು ಇಳಿಯುತ್ತ ಹೋದಳು. ಹದಿನಾರಕ್ಕೂ ಕಾಗದವೋ ಕಾರ್ಡೋ ಇತ್ತು. ಶಿವಯ್ಯನವರ ಎದುರಿಗೆ ಮಾತ್ರ: 'ಆಲೂರು ಬಸ್ಸಿನಲ್ಲಿ ಯಾರೋ ಹೇಳಿದ್ದು.'

ಗಂಗಾಮಣಿ ಉಸಿರು ಬಿಟ್ಟಳು. ಒಬ್ಬರೇ.

"ಸುಮ್ನೆ ಅಳಿಸ್ಬುಡಕ್ಕ, ಯಾರಿಗೆ ಗೊತ್ತಾಗ್ತದೆ?"

"ನಂಗೆ ಗೊತ್ತಾಗ್ಬುಟ್ಟೈತಲ್ಲ" ಎಂದು ಗಂಗಾಮಣಿ ಫೋನೆತ್ತಿದಳು. ಮಗ್ಗೆಯಲ್ಲಿ ಆರನೇ ರಿಂಗಿಗೆ ಶಿವಯ್ಯನವರೇ ಎತ್ತಿದರು. ಅವಳು ಲಗ್ನಪತ್ರಿಕೆಯಿಂದ ಹಿಡಿದು ಬಸ್ಸಿನವರೆಗೆ ಒಂದೇ ಉಸಿರಿಗೆ ಹೇಳಿ, "ತಪ್ಪಾಗ್ಬುಟ್ಟೈತೆ ಸಾರ್" ಎಂದು ನಿಲ್ಲಿಸಿದಳು.

ಶಿವಯ್ಯನವರು ಕೇಳಿದ್ದು ಒಂದೇ:

"ಎಷ್ಟು ವರ್ಷಾಯ್ತವ್ವ ನಾನು ಸತ್ತು?"

"ಮೂರು ವರ್ಷ ಸಾರ್."

"ಅದ್ಕೇ ಅನ್ನು! ನಿಮ್ಮ ಪಟ್ಟಿ ನೋಡ್ಕೊಂಡೇ ಇರ್ಬೇಕು, ಮೂರು ವರ್ಷದಿಂದ ಸಂಘದ ಸಭೆ ಕಾಗ್ದ ಬರ್ತಿಲ್ಲ. ಆ ಸೆಕ್ರೆಟರಿ ಸುನಿಲ್‌ಕುಮಾರನ ಮ್ಯಾಲೆ ಮುನಿಸ್ಕೊಂಡು ಕೂತಿದ್ದೆ ಕಣವ್ವ." ಮುದುಕ ಕೆಮ್ಮು ಬರುವವರೆಗೆ ನಕ್ಕರು. "ಸತ್ತೋನು ಮೇಲಿನ ಬೀದಿ ಶಿವಯ್ಯ. ಹೋಗ್ಲಿ, ಈ ಮೂರು ವರ್ಷದ ಮಳೆನೂ ಬರ್ದಿಟ್ಟಿವ್ನಿ. ಯಾರೂ ಕೇಳ್ಳಿಲ್ಲ ಅಂತ ಪೆಟ್ಟಿಗೇಲಿ ಹಾಕಿವ್ನಿ. ಬಂದು ತಗೊಂಡು ಹೋಗವ್ವ."

"ನಾಳೆನೇ ಬತ್ತೀನಿ ಸಾರ್."

ನಾಲ್ಕೂ ನಲವತ್ತಕ್ಕೆ ಫೈಲು ಮತ್ತೆ ಹೊರಟಿತು. ಮುನ್ನೂರ ಹದಿನೆಂಟು. ಲೇಟ್ ಎಂಬ ಲೇಖಕನ ಸುಳಿವಿಲ್ಲ. ತೀರಿಕೊಂಡವರಿಗೆ ಸಲ್ಲಬೇಕಾದ ಮರ್ಯಾದೆ, ಪಟ್ಟಿಯ ಜೊತೆ ಹೋಗದ, ಟಿಪ್ಪಣಿ ಬರೆಯುವ ಷರಾ ಕಾಲಮಿಗೆ ಸರಿದು ಭದ್ರವಾಗಿತ್ತು. ಇಲ್ಲದ ಸಿದ್ದಬಸಪ್ಪನವರೂ ಇರುವ ಶಿವಯ್ಯನವರೂ ಮೇಲೆ ಕೆಳಗೆ ಒಂದೇ ಸಾಲಿನವರಂತೆ ಕೂತಿದ್ದರು. ವಾಣಿ ಮೇಲ್ ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು.

ಗಂಗಾಮಣಿ ಕೊನೆಗೂ ಎದ್ದು ನೀರು ಕುಡಿದಳು. ಮತ್ತೆ ಬಂದು ಕೂತು, ನೀಲಿ ನೋಟ್‌ಬುಕ್ಕಿನಲ್ಲಿ ಆ ಒಂದು ಸಾಲಿಗೆ ಗೀಟು ಎಳೆದು, ಪಕ್ಕದಲ್ಲಿ ತಾರೀಖು ಹಾಕಿ ಬರೆದಳು: 'ಫೋನಿನಲ್ಲಿ ಮಾತಾಡಿದರು. ನಕ್ಕರು.'