ಕಡೇ ನುಡಿಯ ಹೆಸರು

ಮಕ್ಕಳಿಗೆ ಲಸಿಕೆ ಹಾಕುವ ಸಿಸ್ಟರ್ ಮೆಹರುನ್ನಿಸಾ ಪದ ಕಟ್ಟುತ್ತಾಳೆಂದರೆ ಹೂವಿನ ಹಿಪ್ಪರಗಿಯಲ್ಲಿ ಯಾರು ನಂಬುತ್ತಾರೆ? ಆ ಸಿಸ್ಟರ್ ಆದ ನಾನೇ ನಂಬಿರಲಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ, ಬಾಗೇವಾಡಿ ಬಸ್ಸಿನ ಕಿಟಕಿ ಪಕ್ಕ ಕೂತು, ಡ್ಯೂಟಿ ಡೈರಿಯ ಹಿಂದಿನ ಹಾಳೆಗಳಲ್ಲಿ ಶುರುಮಾಡಿದೆ. ಗಂಡ ಲಾರಿ ಡ್ರೈವರ್, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ನಿಷತಳಿಗೆ ಕಾಲೇಜು, ಫೋನು. ಮನೆಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದರೆ ಅದು ಊಟಕ್ಕೇನು ಅಂತ ಮಾತ್ರ.

ಕರ್ಬಲಾದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮೇಲೆ, ಮೊಹರಂನಲ್ಲಿ ಹಾಡುವಂಥ ಒಂದು ರಿವಾಯತ ಪದ ಕಟ್ಟಿದೆ. ಮೊಹರಂ ಹಾಡಿನ ಮೇಳ ನಡೆಸುವ ಮೈಬೂಬ ಅದನ್ನು ಓದಿ ಕಣ್ಣೊರೆಸಿಕೊಂಡ. ಕಡೇ ನುಡಿಗೆ, ಅಂದರೆ ಕೊನೆಯ ಚರಣಕ್ಕೆ, ಬಂದು ತಡೆದ. ಅಲ್ಲಿ ಊರು, ಬರೆದವರ ಹೆಸರು ಬರಲೇಬೇಕು. ಇಲ್ಲವಾದರೆ ಎದುರು ಮೇಳದವರು “ಯಾರ ಕೂಸ್ರೋ ಇದು?” ಎಂದು ಮಾನ ಕಳೆಯುತ್ತಾರೆ. ನಾನು ‘ಹಿಪ್ಪರಗಿ’ ಎಂದಷ್ಟೇ ಬರೆದು ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ.

“ಹೆಸರು ಹಾಕ್ರಿ ಆಪಾ.”

“ಸರಕಾರಿ ನೌಕರಿ, ಬೆಳೆದ ಮಗಳು. ಮಂದಿ ಏನಂತಾರ? ನೀನ ಏನರ ಮಾಡಪಾ” ಎಂದೆ. ನನ್ನ ಹೇಡಿತನಕ್ಕೆ ಮಂದಿಯ ನೆಪ, ಅಷ್ಟೇ.

ಅವನು ‘ಏನರ’ ಮಾಡಿದ. ‘ಹಿಪ್ಪರಗಿ ಮೈಬೂಬ’ ಎಂದು ಹಾಡಿಬಿಟ್ಟ. ಹಬ್ಬ ಮುಗಿಯುವಷ್ಟರಲ್ಲಿ ಆ ಪದ ಇಂಡಿ, ಸಿಂದಗಿ, ಮುದ್ದೇಬಿಹಾಳದ ಫೋನುಗಳಲ್ಲೆಲ್ಲ ಇತ್ತು. ನನಗೆ ಹೊಟ್ಟೆ ಉರಿಯಿತು. ತಡೆಯಲಾರದೆ ಅವನ ಮನೆಗೇ ಹೋಗಿ, ನನ್ನ ಹೆಸರು ಹಾಕು ಎಂದೆ.

“ಈಗ ಹೆಂಗ್ರಿ ಆಪಾ? ಎಲ್ಲಾರ ಬಾಯಾಗ ಕುಂತಬಿಟ್ಟೈತಿ. ಈಗ ಬದಲಿ ಮಾಡಿದ್ರ ನಾ ಕದ್ದೇನಿ ಅಂತಾರ.”

ಚಪ್ಪಲಿ ಮೆಟ್ಟಿ ಹೊರಟೆ. ಖಾಲಿ ಬಿಟ್ಟವಳು ನಾನೇ ತಾನೆ?

ಮಗಳೊಬ್ಬಳಿಗಾದರೂ ಹೇಳಬೇಕೆಂದು ಮನೆಗೆ ಬಂದೆ. ನಿಷತ ಬಟ್ಟೆ ಮಡಚುತ್ತ ಅದೇ ಪದ ಹಾಡುತ್ತಿದ್ದಳು. ಅವಳ ದನಿ ಅಷ್ಟು ಚೆಂದವೆಂದು ಹೆತ್ತ ನನಗೂ ಗೊತ್ತಿರಲಿಲ್ಲ. ಕಡೇ ನುಡಿಯ ತನಕ ಬಾಗಿಲಲ್ಲೇ ನಿಂತೆ.

“ನಿಷತ, ಅದು ನನ್ನ ಹಾಡು” ಎಂದೆ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿದ್ದವು.

“ಹೌದಬೇ ಅವ್ವಾ, ಕೇಳಿದ ತಾಯಂದ್ರೆಲ್ಲಾ ಹಂಗ ಅಂತಾರ. ಗಂಡಸಾಗಿ ಮೈಬೂಬ ಮಾಮಾಗ ತಾಯಿ ಮನಸು ಹೆಂಗ ತಿಳೀತ ಅಂತೇನಿ!”

ಅವಳ ಪಕ್ಕ ಕೂತು ನಾನೂ ಬಟ್ಟೆ ಮಡಚತೊಡಗಿದೆ.