ಇಲ್ಲದ ಚಪ್ಪಡಿಗೆ ಸನ್ಮಾನ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸರ್ಕಾರಿ ಕಚೇರಿಯಿಂದ ಶುರು ಮಾಡಿದರೆ ನೀವು ಆಕಳಿಸಿ ಪುಟ ಮಗುಚುತ್ತೀರಿ. ಚರಂಡಿಯಿಂದ ಶುರು ಮಾಡಿದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಮೊದಲ ಡ್ರಾಫ್ಟ್ ಹೆಬ್ಬಾಳದ ಫ್ಲೈಓವರ್ ಮೇಲೆ ಶುರುವಾಗಿತ್ತು. ಎರಡು ಪುಟ ಕಳೆದರೂ ನನ್ನ ನಾಯಕಿಗೆ ಬಸ್ಸಿನಿಂದ ಇಳಿಯಲು ಆಗಲಿಲ್ಲ. ಟ್ರಾಫಿಕ್. ಅವಳನ್ನು ಅಲ್ಲೇ ಬಿಟ್ಟು ಬಂದೆ.

(ಕಚೇರಿಯ ಹೆಸರು ಹೇಳುವುದಿಲ್ಲ, ಕೇಳಬೇಡಿ. ಅಗೆಯುವ, ಮುಚ್ಚುವ, ಮತ್ತೆ ಅಗೆಯುವ ಒಂದು ಕಚೇರಿ ಎಂದುಕೊಳ್ಳಿ. ಅದನ್ನು ಕಟ್ಟಿದವಳು ನಾನೇ. ಯಾರಾದರೂ ಪ್ರಶ್ನಿಸಿದರೆ ಅದನ್ನು ಕೆಡವಲು ಅರ್ಧ ಪ್ಯಾರಾ ಸಾಕು. ನಾನು ಪ್ರತಿ ವಾಕ್ಯ ಬರೆದ ಮೇಲೂ ಬಾಗಿಲ ಚಿಲಕ ಹಾಕಿದೆನೇ ಎಂದು ನೋಡಿ ಬರುವವಳು.)

ಹೀಗೆ ಮಾಡೋಣ. ಟಿ. ದಾಸರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ ವಿಜಯಪುರ ಕಡೆಯ ಶರಣವ್ವ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಾಳೆ. ಅದರ ಬಾಗಿಲ ಮುಂದೆ ಚರಂಡಿ ಬಾಯಿ ತೆರೆದುಕೊಂಡಿದೆ. ಪೈಪು ಹಾಕಲು ಚಪ್ಪಡಿ ಕಿತ್ತವರು ಮುಚ್ಚಲು ಬರಲೇ ಇಲ್ಲ. ಪೀಣ್ಯದ ಕಾರ್ಖಾನೆಗಳಿಂದ ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದವರು ಕೆಲವು ದಿನ ಹಲಗೆಯ ಮೇಲೆ ಸರ್ಕಸ್ ಮಾಡಿದರು. ಒಬ್ಬರು ಜಾರಿ ಬಿದ್ದ ಮೇಲೆ ಎಲ್ಲರೂ ಎದುರಿನ ಫ್ರೈಡ್ ರೈಸ್ ಗಾಡಿಯ ಪಾಲಾದರು. ಇನ್ನೊಂದು ತಿಂಗಳು ಹೀಗೇ ಆದರೆ ಶರಣವ್ವ ಒಲೆ ಆರಿಸಿ ಯಾವುದಾದರೂ ಪಿಜಿಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಬೇಕು. ಅದು ಆಕೆಗೆ ಬೇಕಿಲ್ಲ. ನನಗೂ ಬೇಕಿಲ್ಲ. ಈ ಕಥೆಯಲ್ಲಿ ಪಣಕ್ಕಿರುವುದು ಇಷ್ಟೇ. ಇದಕ್ಕಿಂತ ದೊಡ್ಡದು ಬೇಕಿದ್ದವರು ಬೇರೆಯವರ ಕಥೆ ಓದಬಹುದು, ನಾನು ಬೇಸರ ಮಾಡಿಕೊಳ್ಳುವುದಿಲ್ಲ. (ಸ್ವಲ್ಪ ಮಾಡಿಕೊಳ್ಳುತ್ತೇನೆ.)

2

ಬಸ್ಸಿನಲ್ಲಿ ಬಿಟ್ಟು ಬಂದ ನಾಯಕಿಯ ಹೆಸರು ಸ್ಮಿತಾ. ಆ ಕಚೇರಿಯ ಎರಡನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಬಿಸಿಗಾಳಿಗೆ ಮುಖ ಕೊಟ್ಟು ಕೂರುವ ಗುತ್ತಿಗೆ ನೌಕರಿಯವಳು. ಕಚೇರಿಯ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಎಕ್ಸ್ ಎಲ್ಲವೂ ಅವಳೇ. ನೀವು ಒಂದು ಸಂಜೆ ಸಿಟ್ಟಿನಿಂದ ಗುಂಡಿಯ ಫೋಟೋ ಹಾಕಿ ಟ್ಯಾಗ್ ಮಾಡಿದಾಗ, ಕೈ ಮುಗಿಯುವ ಎಮೋಜಿಯೊಡನೆ "ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ" ಎಂದು ಬಂತಲ್ಲ, ಆ ಸರ್ಕಾರ ಇವಳು.

ಅವಳ ಕೆಲಸಕ್ಕೆ ಒಂದು ಕ್ರಮವಿದೆ. ವಾರದ ಪೋಸ್ಟ್‌ಗಳನ್ನೆಲ್ಲ ಸೋಮವಾರವೇ ಶೆಡ್ಯೂಲ್ ಮಾಡಿಬಿಡುವುದು: ಹಬ್ಬದ ಶುಭಾಶಯ, ನೀರು ಉಳಿಸಿ, ಆಮೇಲೆ "ಮೊದಲು–ನಂತರ" ಎಂಬ ಜೋಡಿ ಫೋಟೋ. ಮೊದಲು, ಹಾಳಾದ ಜಾಗ. ನಂತರ, ರಿಪೇರಿಯಾದ ಅದೇ ಜಾಗ. ಹಬ್ಬದ ಶುಭಾಶಯದ ಕೆಳಗೆ ಜನ ದೂರು ಬರೆಯುತ್ತಾರೆ. ರಿಪೇರಿಯ ಫೋಟೋ ಕೆಳಗೆ ಶುಭಾಶಯ ಬರೆದವರು ಈವರೆಗೆ ಸಿಕ್ಕಿಲ್ಲ.

ಟಿ. ದಾಸರಹಳ್ಳಿ ಭಾಗದ ಇಂಜಿನಿಯರ್ ಸುಬ್ರಮಣಿಯವರಿಗೆ "ನಂತರ"ದ ಫೋಟೋವನ್ನು ಕೆಲಸಕ್ಕಿಂತ ಮೊದಲೇ ಕಳಿಸುವ ಅಭ್ಯಾಸ. "ವಾರದೊಳಗೆ ಮಾಡಿಸ್ತೀನಿ ಕಣಮ್ಮ, ನೀನು ಹಾಕ್ಕೊಂಡ್ಬಿಡು." ಶರಣವ್ವನ ಚರಂಡಿಗೆಂದು ಬೇರೆ ಯಾವುದೋ ಬೀದಿಯ ಹೊಸ ಚಪ್ಪಡಿಯ ಫೋಟೋ ಬಂತು. ಸ್ಮಿತಾ ಅದನ್ನು ಮುಂದಿನ ವಾರದ ಮಂಗಳವಾರಕ್ಕೆ ಶೆಡ್ಯೂಲ್ ಮಾಡಿದಳು. ಕೆಲಸ ಆಗಲಿಲ್ಲ, ಆದರೆ ಅದು ಪೋಸ್ಟ್‌ಗೆ ಹೇಗೆ ಗೊತ್ತಾಗಬೇಕು? ಮಂಗಳವಾರ ಬೆಳಿಗ್ಗೆ ಅದು ತಾನೇ ತಾನಾಗಿ ಹೊರಟಿತು: "ನಿಮ್ಮ ದೂರು, ನಮ್ಮ ಹೊಣೆ! ಟಿ. ದಾಸರಹಳ್ಳಿಯ ಶರಣವ್ವ ಖಾನಾವಳಿಯ ಎದುರು ಹೊಸ ಚಪ್ಪಡಿ." ಪಕ್ಕದಲ್ಲಿ ಸುಬ್ರಮಣಿಯವರ ನಗುಮುಖ.

2 (ಇನ್ನೊಮ್ಮೆ)

ಫೋನಿನಲ್ಲಿ ಆ ಪೋಸ್ಟ್ ನೋಡಿದ ಶರಣವ್ವ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು.

"ಅಕ್ಕಾರ, ನಾ ಯಾಕ ಅಳಬೇಕು?"

"ಓದುಗರಿಗೆ ಕನಿಕರ ಬರ್ಲಿ ಅಂತ, ಶರಣವ್ವ."

"ಅವರ ಕನಿಕರದ ಮ್ಯಾಲ ಕಾಲಿಟ್ಟು ಚರಂಡಿ ದಾಟ್ಲೇನು? ತಗೀರಿ ಅದನ್ನ."

ತೆಗೆದೆ. ನಿಜವಾಗಿ ಆದದ್ದು ಇದು: ಆಕೆ ಸೆರಗು ಸಿಕ್ಕಿಸಿಕೊಂಡು, ಕಚೇರಿಗೇ ಹೋಗಿ ಒದರಿ ಬರುತ್ತೇನೆಂದು ಹೊರಟಳು. ತಡೆದವರು ಕಟ್ಟಡದ ಒಡತಿ ಮುನಿವೆಂಕಟಮ್ಮ. ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಕುಟುಂಬ. ಈಗ ಬಾಡಿಗೆ ಬೆಳೆಯುತ್ತದೆ.

"ಒದರಿದ್ರೆ ಏನ್ ಬತ್ತದಮ್ಮಿ? ಕೂರ್ಸಿ ನೀರ್ ಕೊಟ್ಟು ಕಳುಸ್ತಾರೆ, ಅಷ್ಟೇಯ. ಇಂಗ್ ಮಾಡಾನ. ಆಯಪ್ಪಂಗೊಂದು ಸನ್ಮಾನ ಮಾಡಾನ."

"ಯಾವ ಪುರುಷಾರ್ಥಕ್ಕರೀ?"

"ಚಪ್ಪಡಿ ಆಕ್ಸವ್ನಲ್ಲ, ಅದುಕ್ಕೆ. ಶಾಲು, ಪೇಟ, ಅಣ್ಣಿನ್ ಬುಟ್ಟಿ, ವಾಲಗ. ಅದೇ ಚಪ್ಪಡಿ ಮ್ಯಾಲೆ ನಿಲ್ಸಿ ಮಾಡಾನ."

"ಚಪ್ಪಡಿನ ಇಲ್ಲಲ್ರೀ ಅಮ್ಮಾರ!"

"ಅದು ಆಯಪ್ಪನ್ ತಲೆನೋವು ಕಣಮ್ಮಿ. ನಾವ್ ಶಾಲು ತರೋರು."

ಶರಣವ್ವ ಸಿಕ್ಕಿಸಿದ ಸೆರಗನ್ನು ಇಳಿಬಿಟ್ಟು ನಕ್ಕಳು. ಅರ್ಧ ಗಂಟೆಯಲ್ಲಿ ಕಚೇರಿಯ ಪೋಸ್ಟ್ ಕೆಳಗೆ ಖಾನಾವಳಿಯ ಹೆಸರಲ್ಲಿ ಆಹ್ವಾನ ಬಿತ್ತು: "ನಮಗೆ ಹೊಸ ಚಪ್ಪಡಿ ಹಾಕಿಸಿಕೊಟ್ಟ ಸುಬ್ರಮಣಿ ಸಾಹೇಬರಿಗೆ ಶುಕ್ರವಾರ ಬೆಳಿಗ್ಗೆ ಅದೇ ಚಪ್ಪಡಿಯ ಮೇಲೆ ಶಾಲು, ಪೇಟ, ವಾಲಗದೊಂದಿಗೆ ನಾಗರಿಕ ಸನ್ಮಾನ. ಎಲ್ಲರೂ ಬರಬೇಕು. ರೊಟ್ಟಿ ಊಟದ ವ್ಯವಸ್ಥೆ ಇದೆ."

4

(ಮೂರನೆಯ ಭಾಗದಲ್ಲಿ ಸಾಮಾಜಿಕ ಜಾಲತಾಣ ಮತ್ತು ಪ್ರಜಾಪ್ರಭುತ್ವ ಎಂದು ಏನೇನೋ ಬರೆದಿದ್ದೆ. ಓದಿ ನೋಡಿದೆ. ನೀವು ಬಚಾವಾದಿರಿ.)

ಈಗ ಸ್ಮಿತಾಳ ಬೆರಳು ಆ ಆಹ್ವಾನದ ಮೇಲಿದೆ. ನಾನು ಹೀಗೆ ಬರೆದೆ: ಸ್ಮಿತಾ ಸದ್ದಿಲ್ಲದೆ ಪೋಸ್ಟ್ ಡಿಲೀಟ್ ಮಾಡಿದಳು.

"ಮೇಡಂ, ಸ್ಕ್ರೀನ್‌ಶಾಟ್ ಅನ್ನೋದು ಒಂದಿದೆ, ಗೊತ್ತಾ?"

"ಹಾಗಾದ್ರೆ 'ಗಮನಕ್ಕೆ ತರಲಾಗಿದೆ' ಅಂತ ಹಾಕು. ಯಾರಿಗೂ ನೋವಾಗಲ್ಲ."

"ಯಾರಿಗೂ ಉಪಯೋಗಾನೂ ಆಗಲ್ಲ. ಮೊನ್ನೆ ಅಮ್ಮ ಊಟಕ್ಕೆ ಬಾ ಅಂದ್ರೆ ಗಮನಕ್ಕೆ ತರಲಾಗಿದೆ ಅಂದ್ಬಿಟ್ಟೆ. ಆ ಮಟ್ಟಕ್ಕೆ ಬಂದಿದೀನಿ."

"ಕೆಲಸ ಹೋಗತ್ತೆ ಸ್ಮಿತಾ. ಗುತ್ತಿಗೆ ಕಣೇ ನಿಂದು."

"ಹೋಗತ್ತೋ ಇಲ್ವೋ ಬರೆಯೋರು ನೀವು! ನೀವೇ ನನ್ನ ಹೆದರಿಸಿದ್ರೆ ಹೇಗೆ?"

ಕೀಲಿಮಣೆಯಿಂದ ಕೈ ತೆಗೆದೆ. ಅವಳು ಬರೆದಳು, ಕಚೇರಿಯ ಅಧಿಕೃತ ಖಾತೆಯಿಂದ, ಮೇಲಧಿಕಾರಿಗಳನ್ನೆಲ್ಲ ಟ್ಯಾಗ್ ಮಾಡಿ: "ನಿಮ್ಮ ಪ್ರೀತಿಗೆ ಧನ್ಯವಾದ. ಸುಬ್ರಮಣಿ ಸರ್ ಶುಕ್ರವಾರ ತಪ್ಪದೆ ಬರುತ್ತಾರೆ. ಕಾರ್ಯಕ್ರಮ ನಮ್ಮ ಪೇಜಿನಲ್ಲಿ ಲೈವ್."

ಅತಿ ದೊಡ್ಡ ಮೇಲಧಿಕಾರಿ ಚಪ್ಪಾಳೆಯ ಎಮೋಜಿ ಹಾಕಿದರು. ಇನ್ನು ಯಾರೂ ಏನನ್ನೂ ಅಳಿಸುವ ಹಾಗಿರಲಿಲ್ಲ, ನಾನೂ ಸೇರಿ. ಗಾಬರಿಯಿಂದ ಎರಡು ಲೋಟ ನೀರು ಕುಡಿದೆ. ಅವಳು ಬೆರಳ ನೆಟಿಗೆ ಮುರಿದು, ಮುಂದಿನ ಪೋಸ್ಟ್‌ಗೆ ಹೋದಳು.

5

ಸುಬ್ರಮಣಿಯವರನ್ನು ಖಳನಾಯಕ ಮಾಡಬೇಕೆಂದು ಮೀಸೆಯನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಅವರು ಬುಧವಾರ ಮೀಸೆಯಿಲ್ಲದೆಯೇ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು.

"ಯಾರನ್ನ ಕೇಳಿ ಹಾಕ್ದೆಯಮ್ಮಾ ಇದನ್ನ?"

"ಸರ್, ಸನ್ಮಾನ ಸರ್. ಪೇಟ ಕೂಡ ಇದೆಯಂತೆ."

ಸುಬ್ರಮಣಿ ಹತ್ತಿರದ ಕುರ್ಚಿ ಎಳೆದು ಕೂತರು. ಸರ್ವಿಸಿನುದ್ದಕ್ಕೂ ಬೇರೆಯವರ ಸನ್ಮಾನಗಳಿಗೆ ಕುರ್ಚಿ ಹಾಕಿಸಿದ ಮನುಷ್ಯ.

"ಮೈಸೂರು ಪೇಟಾನಾ?"

"ಹೂಂ ಸರ್. ವಾಲಗಾನೂ ಇದೆ."

"ಮನೆಯವರನ್ನ ಕರ್ಕೊಂಡು ಬರಬಹುದಾ?" ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಿಟ್ಟಿನ ದನಿಯನ್ನು ಹುಡುಕಿ ತಂದು, "ಆ ಕಂಟ್ರಾಕ್ಟರ್‌ಗೆ ಫೋನ್ ಹಾಕು. ಚಪ್ಪಡಿ ಲೋಡ್ ನಾಳೆ ಬರ್ಬೇಕು ಅನ್ನು!"

ಗುರುವಾರ ಲೋಡ್ ಬಂತು. ಸುಬ್ರಮಣಿ ಖುದ್ದು ಬಿಸಿಲಲ್ಲಿ ನಿಂತರು. ಅಡ್ಡರಸ್ತೆಯ ಇತಿಹಾಸದಲ್ಲೇ ಮೊದಲ ಸಲ ಒಬ್ಬರು ಇಂಜಿನಿಯರ್ ಮೊಣಕಾಲೂರಿ ಚಪ್ಪಡಿಯ ಸಂದಿಗೆ ಬೆರಳು ಹಾಕಿ ನೋಡಿದರು. (ಇತಿಹಾಸ ನನಗೆ ಗೊತ್ತಿಲ್ಲ. ಖುಷಿಗೆ ಬರೆದೆ.)

"ಮಚ್ಚಾ, ಗಟ್ಟಿಯಾಗಿ ಕೂರ್ಸು," ಎಂದರು ಮೇಸ್ತ್ರಿಗೆ. "ನಾಳೆ ಇದರ ಮೇಲೆ ನಿಲ್ಲೋನು ನಾನೇ. ಲೈವ್ ಬೇರೆ ಇದೆ."

6

ಶುಕ್ರವಾರ. ಸಂಯಮದ ಭಾಷೆ ನನಗೆ ಇಷ್ಟ, ಆದರೆ ಇವತ್ತು ಬೇಡ. ವಾಲಗ ಮೊಳಗಿತು! ಡೋಲು ಗುಡುಗಿತು! ಕಾರ್ಖಾನೆಗಳ ಯೂನಿಫಾರ್ಮುಗಳು, ಪಿಜಿಯ ಹುಡುಗಿಯರು, ಬೀದಿಯ ಅಜ್ಜಿಯರು, ಫ್ರೈಡ್ ರೈಸ್ ಗಾಡಿಯವನು ಕೂಡ. ಸುಬ್ರಮಣಿ ಚಪ್ಪಡಿ ಏರಿದರು. ಮುನಿವೆಂಕಟಮ್ಮ ಕೆಳಗೆ ಬಗ್ಗಿ ನೋಡಿ, "ಇನ್ನೂ ನಾಕ್ ಜನ ಅತ್ರಪ್ಪಾ, ತಡೀತದಾ ನೋಡಾನ!" ಎಂದರು. ಹತ್ತಿದರು. ತಡೆಯಿತು. ಇನ್ನಷ್ಟು ಜನ ಹತ್ತಿದರು. ಅದೂ ತಡೆಯಿತು.

ಶರಣವ್ವ ಪೇಟ ತೊಡಿಸಿದಳು. ಅದು ಸಾಹೇಬರಿಗೆ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅವರ ಹೆಂಡತಿ ಎದುರು ನಿಂತು ಫೋಟೋ ತೆಗೆಯುತ್ತಲೇ ಇದ್ದರು. ಸ್ಮಿತಾ ಅಧಿಕೃತ ಖಾತೆಯಿಂದ ಲೈವ್ ಹಿಡಿದಿದ್ದಳು; ಪರದೆಯ ಮೇಲೆ ಹೃದಯಗಳು ಗುಳ್ಳೆಗಳಂತೆ ಏಳುತ್ತಿದ್ದವು. ಯಾರೋ ಬರೆದರು: "ದೀಪಾವಳಿಯ ಶುಭಾಶಯಗಳು." ಇದು ಯಾವ ತಿಂಗಳೋ, ನಾನಿನ್ನೂ ನಿರ್ಧರಿಸಿರಲಿಲ್ಲ. ಇರಲಿ ಬಿಡಿ.

ಅಂತ್ಯ, ಒಂದು: ಸ್ಮಿತಾಳ ಗುತ್ತಿಗೆ ಮುಂದುವರಿಯುವುದಿಲ್ಲ. ವಿಮರ್ಶಕರಿಗೆ ಇದು ಹಿಡಿಸುತ್ತದೆ. "ಅವರಿಗೆ ಹಿಡಿಸಲಿ ಅಂತ ನನ್ನ ಕೆಲಸ ಕಳೀತೀರಾ?" ಎಂದಳು. ಹರಿದು ಹಾಕಿದೆ.

ಅಂತ್ಯ, ಇನ್ನೊಂದು: ಅವಳಿಗೆ ಬಡ್ತಿ. "ಗುತ್ತಿಗೆಯವರಿಗೆ ಬಡ್ತಿ ಎಲ್ಲಿದೆ ಮೇಡಂ? ಸ್ವಲ್ಪ ರಿಸರ್ಚ್ ಮಾಡಿ ಬರೀರಿ."

ಮತ್ತೊಂದು: ಆಹ್ವಾನಗಳು ನಿಲ್ಲುವುದೇ ಇಲ್ಲ. ಯಲಹಂಕದಿಂದ ಉರಿಯದ ಬೀದಿದೀಪಕ್ಕೆ, ಆರ್.ಟಿ. ನಗರದಿಂದ ಇಲ್ಲದ ಫುಟ್‌ಪಾತಿಗೆ, ನಮ್ಮ ಸಹಕಾರನಗರದ ಪಾರ್ಕಿನಿಂದ ಎಂದೂ ಬಾರದ ಬೆಂಚಿಗೆ, ಎಲ್ಲ ಕಡೆಯಿಂದ ಸನ್ಮಾನದ ಕರೆ. ಇಂಜಿನಿಯರ್‌ಗಳು ದಿನಾಂಕ ನೋಡಿ ಓಡಾಡುತ್ತಾರೆ. ಇದು ಅಂತ್ಯವಲ್ಲ, ಆರಂಭದ ಹಾಗಿದೆ. ಅದಕ್ಕೇ ಇದರ ಮೇಲೆ ನನಗೆ ಆಸೆ. ಆದರೆ ಪೇಟಗಳ ಅಂಗಡಿಯಲ್ಲಿ ಪೇಟ ಮುಗಿದು ಹೋದರೆ? ಯಾವನಾದರೂ ಇಂಜಿನಿಯರ್ ಸನ್ಮಾನ ಒಲ್ಲೆ ಎಂದರೆ? ನಾನು ಅಂಥದ್ದನ್ನೆಲ್ಲ ಯೋಚಿಸುವವಳು.

ಖಾನಾವಳಿಯ ಮೂಲೆಯ ಮೇಜಿನಲ್ಲಿ ಕೂತು ಹೀಗೆ ಯೋಚಿಸುತ್ತಿರುವಾಗಲೇ ಶರಣವ್ವ ಬಂದು ನಿಂತಳು.

"ಇನ್ನಾ ಏನ್ ಬರ್ಯಾಕತ್ತೀರಿ ಅಕ್ಕಾರ?"

"ಕೊನೆ ಹೊಂದ್ತಾ ಇಲ್ಲ, ಶರಣವ್ವ."

"ಊಟ ಆತಿಲ್ಲೋ?"

"ಆಯ್ತು."

"ಆತಂದ್ರ ಏಳ್ರಿ. ಹೊರಗ ನೋಡ್ರಿ, ಎಷ್ಟ್ ಮಂದಿ ನಿಂತಾರ!"

"ಒಂದೇ ವಾಕ್ಯ..."

"ನಿಂತು ಬರೀರಿ."

ಎದ್ದೆ. ನಾನು ಪೂರ್ತಿ ನೆಟ್ಟಗಾಗುವ ಮೊದಲೇ ನೀಲಿ ಯೂನಿಫಾರ್ಮಿನ ಒಬ್ಬರು ಆ ಕುರ್ಚಿಯಲ್ಲಿ ಕೂತು, "ಅಕ್ಕಾ, ಎರಡು ರೊಟ್ಟಿ, ಎಣ್ಣೆಗಾಯಿ!" ಎಂದು ಕೂಗಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು. ಬಾಗಿಲಾಚೆ ಚಪ್ಪಡಿಯ ಮೇಲೆ ಜಾಗವಿಲ್ಲ. ಫೋನಿನಲ್ಲಿ ಮುಂದಿನ ವಾಕ್ಯ ಟೈಪ್ ಮಾಡುತ್ತಿದ್ದೇನೆ, ಯಾರದೋ ಮೊಣಕೈ ತಗಲುತ್ತಿದೆ, ಯಾರೋ ಹಿಂದಿನಿಂದ, "ಮೇಡಂ, ಬರೆಯೋದಾದ್ರೆ ಆ ಕಡೆ ಹೋಗಿ, ನಾವು ಊಟಕ್ಕೆ ಬಂದಿರೋರು" ಎನ್ನುತ್ತಿದ್ದಾರೆ.