ನಂದಿಯಿಂದ ಮೇಲಿನ ಮೆಟ್ಟಿಲುಗಳು

ಮನೆಯಲ್ಲಿ ಕೂರುವ ಜಾತಕ ನನ್ನದಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿದೆ. ನಕಾಶೆಯ ಮೇಲೆ ಕೋಲಿಟ್ಟು, ಇಗೋ ಹಿಮಾಲಯ, ಅದರ ಮಡಿಲಲ್ಲಿ ನೇಪಾಳ ಎಂದು ಎಷ್ಟು ಹುಡುಗರಿಗೆ ತೋರಿಸಿದೆನೋ ಲೆಕ್ಕವಿಲ್ಲ. ನಾನು ಮಾತ್ರ ನಂಜನಗೂಡು ದಾಟಿದವನಲ್ಲ. ರಿಟೈರಾದ ಮೇಲೆ ಲಕ್ಷ್ಮೀಪುರಂನ ಮನೆಯಲ್ಲಿ ಬಾಗಿಲಿಂದ ಹಿತ್ತಲಿಗೆ, ಹಿತ್ತಲಿಂದ ಬಾಗಿಲಿಗೆ ತಿರುಗುವುದೇ ಕೆಲಸವಾಯಿತು. ರಾತ್ರಿ ಮಲಗಿದರೂ ಕಾಲು ಸುಮ್ಮನಿರುತ್ತಿರಲಿಲ್ಲ.

ಐವತ್ತನಾಲ್ಕನೇ ಇಸವಿ ಸಂಕ್ರಾಂತಿ ಹೊತ್ತಿಗೆ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಪ್ರಭುಸ್ವಾಮಿ ಒಂದು ತಂಡ ಕಟ್ಟಿದ. ಶಿವರಾತ್ರಿಗೆ ಇಪ್ಪತ್ತು ಜನರನ್ನು ನೇಪಾಳಕ್ಕೆ ಕರೆದೊಯ್ದು ತೋರಿಸಿಕೊಂಡು ಬರುತ್ತಾನಂತೆ. ಗಡಿಯ ತನಕ ರೈಲು, ಆಮೇಲೆ ಲಾರಿ, ಲಾರಿಯೂ ಹೋಗದ ಕಡೆ ಎರಡು ದಿನ ಬೆಟ್ಟ ಹತ್ತಿ ಇಳಿದು ಕಠ್ಮಂಡುವಿಗೆ ನಡಿಗೆ. ನಾನು ಅವತ್ತೇ ಹೆಸರು ಕೊಟ್ಟೆ. ಹೆಂಡತಿ ದೇವಿರಮ್ಮನ ಹೆಸರನ್ನೂ ಸೇರಿಸಿದೆ. ಅವಳನ್ನೇನೂ ಕೇಳಲಿಲ್ಲ. ಹೊರದೇಶದಲ್ಲಿ ನನಗೆ ಮುದ್ದೆ ಮಾಡಿ ಹಾಕುವವರು ಬೇಕಲ್ಲ.

ಪ್ರಭುಸ್ವಾಮಿ ಒಂದು ಷರತ್ತು ಹಾಕಿದ. ಎಲ್ಲರೂ ಅವರವರ ಹಾಸಿಗೆ ಸುರುಳಿ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಬೇಕು. ಆರಕ್ಕೆ ಹೊರಟು ಎಂಟರೊಳಗೆ ಮೇಲಿರಬೇಕು, ನಡುವೆ ಕೂತವರ ಹೆಸರು ಹೊಡೆದುಹಾಕುತ್ತೇನೆ ಎಂದ. ನನಗೆ ನಗು ಬಂತು. ಅವತ್ತಿನಿಂದಲೇ ಹೊಸ ಕ್ಯಾನ್ವಾಸ್ ಷೂ ಹಾಕಿಕೊಂಡು ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿದೆ. ದೇವಿರಮ್ಮ ಏನೂ ಅಭ್ಯಾಸ ಮಾಡಲಿಲ್ಲ. ಬೀದಿ ನಲ್ಲಿಯಿಂದ ನೀರು ಹೊತ್ತಳು, ಒನಕೆ ಹಿಡಿದಳು, ಎಂದಿನ ಹಾಗೆ.

ಆ ಭಾನುವಾರ ಬೆಟ್ಟದ ಬುಡದಲ್ಲಿ ನೋಡಿದರೆ, ಅವಳ ಬೆನ್ನ ಮೇಲೆ ಹಾಸಿಗೆ, ಕೈಯಲ್ಲಿ ಅರಿಸಿನ ಕುಂಕುಮದ ಬಟ್ಟಲು. ನಾನು ಸುಖವಾಗಿ ಹೋಗಿಬರಲಿ ಎಂದು ಪ್ರತಿ ಮೆಟ್ಟಿಲಿಗೂ ಇಡುವ ಹರಕೆಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೆಟ್ಟಿಲಿಗೊಂದು ಸಲ ಬಗ್ಗಿದರೆ ಎಂಟಕ್ಕೆ ಮುಟ್ಟಿದ ಹಾಗೇ ಇದೆ ಎಂದು ರೇಗಿ, ಎಲ್ಲರನ್ನೂ ಹಿಂದೆ ಹಾಕಿಕೊಂಡು ದಡದಡ ಹತ್ತಿದೆ.

ಏಳುನೂರು ಮೆಟ್ಟಿಲು ಹತ್ತಿ ನಂದಿಯ ಹತ್ತಿರ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡಿತು. ಹಿಡಿದದ್ದು ಬಿಡಲೇ ಇಲ್ಲ. ಕಣ್ಣು ಕತ್ತಲಿಟ್ಟು ಹಾಗೇ ಕುಸಿದು ಕೂತೆ. ಹಿಂದೆ ಬಂದ ಪ್ರಭುಸ್ವಾಮಿ ಕಾಲು ತಿಕ್ಕಿ ನೋಡಿದ, ನೀರು ಕೊಟ್ಟ, ಆಮೇಲೆ ಜೇಬಿನಿಂದ ಪಟ್ಟಿ ತೆಗೆದು, "ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಅಲ್ಲಿ ಹೊತ್ಕೊಂಡು ಹೋಗೋರು ಯಾರೂ ಇರಲ್ಲ" ಎಂದು ನನ್ನ ಹೆಸರಿನ ಮೇಲೆ ಗೆರೆ ಎಳೆದ. ಅವನ ಮುಖ ನೋಡಲಾಗದೆ ಊರಿನ ಕಡೆ ತಿರುಗಿ ಕೂತೆ.

ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಕೊನೆಗೆ ದೇವಿರಮ್ಮ ಬಂದಳು. ಕೈಬೆರಳೆಲ್ಲ ಕೆಂಪು, ಸೆರಗೆಲ್ಲ ಹಳದಿ. ಹೀಗಾಯಿತು, ನನ್ನ ಹೆಸರು ಹೋಯಿತು, ಇಳಿಯೋಣ ನಡಿ ಎಂದೆ. ಅವಳು ಬಟ್ಟಲು ನೋಡಿದಳು, ಮೇಲೆ ನೋಡಿದಳು.

"ಇಲ್ಲೀಗಂಟ ನಿಮ್ಮೆಸರಲ್ಲಿ ಇಟ್ಕೊಂಡು ಬಂದೆ ಕಣ್ರೀ," ಎಂದಳು. "ಇನ್ನು ಮೇಲಿನವು ನನ್ನೆಸರಲ್ಲಿ ಇಡ್ತೀನಿ. ನೀವು ಸುಧಾರಿಸ್ಕಳಿ."

ಬಗ್ಗಿದಳು, ಇಟ್ಟಳು, ಹತ್ತಿದಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಎಂಟಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಮೇಲಿದ್ದಳೆಂದು ಆಮೇಲೆ ಪ್ರಭುಸ್ವಾಮಿಯೇ ಹೇಳಿದ. ತಂಡದಲ್ಲಿ ಆರು ಜನ ಹೆಂಗಸರಿದ್ದಾರೆ, ನೀವು ಈ ಒಪ್ಪಿಗೆ ಕಾಗದಕ್ಕೆ ರುಜು ಹಾಕಿದರೆ ಅಮ್ಮನವರೂ ಬರಬಹುದು ಎಂದ.

ಆ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಹೊಟ್ಟೆಕಿಚ್ಚು, ಇನ್ನೇನು? ನಾನಿಲ್ಲದೆ ಇವಳು ಹೋಗುವುದೆಂದರೇನು? ದಾರಿಯಲ್ಲಿ ಹಿಂದಿಯವರು ಮಾತಾಡಿಸಿದರೆ ಏನು ಹೇಳುತ್ತಾಳೆ? ಇಲ್ಲಿ ನನ್ನ ಊಟದ ಗತಿ? ಅವಳು ಒಂದು ಸಲವೂ ಕೇಳಲಿಲ್ಲ. ಐದನೇ ದಿನ ಬೆಳಿಗ್ಗೆ ಪ್ರಭುಸ್ವಾಮಿ ಗಡುವು ಇವತ್ತಿಗೆ ಮುಗಿಯುತ್ತದೆಂದು ಹೇಳಿಕಳಿಸಿದ. ಆಗ ಅವಳು ಕಾಫಿ ಲೋಟ ನನ್ನ ಮುಂದಿಟ್ಟು ಅಲ್ಲೇ ನಿಂತಳು.

"ಇಸ್ಕೂಲ್ ನಕಾಶೆ ಹರಿದೋಗಿತ್ತು ಅಂತ ಮನೆಗೆ ತಂದಿದ್ರಲ್ಲ, ನಾನು ಗಂಜಿ ಹಾಕಿ ಬಟ್ಟೆ ಅಂಟಿಸ್ಕೊಟ್ಟಿದ್ದೆ. ಮ್ಯಾಲೆ ಬೆಳ್ಳಗಿರೋದು ಏನು ಅಂತ ಕೇಳ್ದೆ. ನಿಂಗ್ಯಾಕೆ ಅಂದ್ರಿ. ಅದನ್ನ ನೋಡ್ಬೇಕು ನಾನು."

ಇಪ್ಪತ್ತು ವರ್ಷದ ಹಿಂದಿನ ಮಾತು. ಎಲ್ಲರ ಮಕ್ಕಳಿಗೂ ಹೇಳಿಕೊಟ್ಟವನು ನಾನು. ನಾಚಿಕೆಯಾಯಿತು. ಕಾಫಿ ಮುಟ್ಟದೆ ರುಜು ಹಾಕಿ ಕೊಟ್ಟೆ.

ತಂಡ ಹೊರಟ ದಿನ ಸ್ಟೇಷನ್ನಿಗೆ ಹೋಗಿ ಕಳಿಸಿ ಬಂದೆ. ಮನೆಯಲ್ಲಿ ಒಂದು ಗಳಿಗೆಯೂ ಕೂರಲಾಗಲಿಲ್ಲ. ಅಲ್ಲಿ ಹಿಮ, ಜಾರುವ ದಾರಿ. ಅವಳ ಹೆಸರಿನಲ್ಲಿ ಇರುವುದು ಬರೀ ಮುನ್ನೂರು ಮೆಟ್ಟಿಲು. ಉಳಿದದ್ದೆಲ್ಲ ನನಗೆಂದು ಇಟ್ಟುಬಿಟ್ಟಿದ್ದಾಳೆ.

ಮರುದಿನ ಬೆಳಿಗ್ಗೆ ದೇವರ ಗೂಡಿನಿಂದ ಬಟ್ಟಲು ತೆಗೆದುಕೊಂಡು ಬೆಟ್ಟದ ಬುಡಕ್ಕೆ ಹೋದೆ. ಮೊದಲ ಮೆಟ್ಟಿಲಿಗೆ ಬಗ್ಗಿದಾಗ ಸೊಂಟ ಕಟಕ್ಕೆಂದಿತು. ಹೂ ಮಾರುವ ಕೆಂಚಮ್ಮ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, ಗಂಡಸರು ಇಡೋದು ಕಾಣೆ, ಯಾರ ಹರಕೆ ಸ್ವಾಮಿ ಎಂದು ಕೇಳಿದಳು.

"ನಮ್ಮನೆಯವರದು ಕಣಮ್ಮ," ಎಂದೆ. "ಹೊರದೇಶಕ್ಕೆ ಹೋಗವ್ರೆ."

ಅವತ್ತು ನಲವತ್ತು ಮೆಟ್ಟಿಲಿಗೆ ಇಟ್ಟೆ. ಅವಳು ಬರುವುದರೊಳಗೆ ನಂದಿ ಮುಟ್ಟಬೇಕು.